ಯಂತ್ರಕ್ಕೆ ತೋರಿಸುವ ಕಾಳು

ಕೆ.ಆರ್. ಪೇಟೆ, ೧೯೯೭

ತಂಗಿ ಬೆಟ್ಟಮ್ಮ,

ನೀನು ತೀರಿಹೋಗಿ ಎಂಟು ವರ್ಷವಾಯಿತು. ನಿನ್ನೆ ಬೆಂಗಳೂರಿಗೆ ಹೋಗಿ, ನಿನ್ನ ಮಗಳು ಸವಿತಾ ಕೆಲಸ ಮಾಡುವ ಆಸ್ಪತ್ರೆ ನೋಡಿ ಬಂದೆ.

ರೋಗಿಯ ಮೈಗೆ ಸೂಜಿಯಲ್ಲಿ ಕೊಟ್ಟ ವಿಕಿರಣದ ಮದ್ದು ಎಲ್ಲೆಲ್ಲಿ ಸೇರಿದೆಯೆಂದು ತೋರಿಸುವ ಸ್ಕ್ಯಾನಿಂಗ್ ಕ್ಯಾಮೆರಾ ಸರಿಯಾಗಿ ನೋಡುತ್ತಿದೆಯೇ ಎಂದು ಪರೀಕ್ಷಿಸಲು ಅವಳು ವಿಕಿರಣದ ಕಾಳು ಮಾಡುತ್ತಾಳೆ. ರಾಗಿಗಿಂತ ಸಣ್ಣ ಮಣಿಯನ್ನು ಸೀಸದ ಇಟ್ಟಿಗೆಗಳ ಹಿಂದೆ ಚಿಮಟದಲ್ಲಿ ಹಿಡಿದು, ಅದೇ ಮದ್ದಿನ ಒಂದು ತೊಟ್ಟು ಕುಡಿಸಿ, ಅಂಟಿನೊಳಗೆ ಮುಚ್ಚುತ್ತಾಳೆ. ಕೈ ಪಳಗಲೆಂದು ಮೊದಲು ಬರೀ ಶಾಯಿ ನೀರಿನಲ್ಲಿ ಇಪ್ಪತ್ತು ಸಲ ಮಾಡುತ್ತಾರಂತೆ. ಮಾಡಿಟ್ಟಿದ್ದ ಒಂದನ್ನು ಕ್ಯಾಮೆರಾದ ಕೆಳಗಿಟ್ಟಳು. ಕಪ್ಪು ಪರದೆಯ ಮೇಲೆ ನಿಧಾನವಾಗಿ ಒಂದು ಚುಕ್ಕಿ ಬೆಳಗಿತು. ಅಷ್ಟು ಚಿಕ್ಕದು ತಾನಿರುವ ಜಾಗವನ್ನು ಅಷ್ಟು ಕರಾರುವಾಕ್ಕಾಗಿ ಹೇಳುವುದನ್ನು ಕಂಡು ಇನ್ನೊಮ್ಮೆ ಬಗ್ಗಿ ನೋಡಿದೆ.

"ದಿನಾ ಬೆಳಗ್ಗೆ ಇದ್ನ ನೋಡ್ಕಂಡೇ ಮೊದಲ್ನೇ ರೋಗಿ ಕರೆಯೋದು ಮಾವ. ಪೇಪರ್ಗೆ ಬರ್ದು ಬಯ್ಬುಡ್ಬೇಡ ಮತ್ತೆ" ಎಂದಳು.

ಅಣುಸ್ಥಾವರದ ವಿರುದ್ಧ ಬರೆದದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ. ಊರವರನ್ನು ಕೇಳದೆ ಅದನ್ನು ಹೇರುವುದು ಅನ್ಯಾಯವೇ. ಆದರೆ ಅದೇ ಸಿಟ್ಟಿನಲ್ಲಿ, ಡಾಕ್ಟರು ನಿನಗೆ ಇದೇ ಸ್ಕ್ಯಾನಿಂಗಿಗೆ ಬರೆದುಕೊಟ್ಟ ಚೀಟಿಯನ್ನು ಚಿನಕುರಳಿಯ ನಿಮ್ಮ ಜಗಲಿಯಲ್ಲಿ ಹರಿದವನೂ ನಾನೇ.

"ಬಾಂಬಿನ ಇಸವ ಮೈಗೆ ಆಕಿಸ್ಕಂಡೀಯಾ?" ಎಂದಿದ್ದೆ.

"ನೀನು ಓದಿರೋನು ಕಣಣ್ಣ, ನೀನೆಂಗಂದ್ರೆ ಅಂಗೆ" ಎಂದೆ ನೀನು. ಸ್ಕ್ಯಾನಿಂಗಿಗೆ ಹೋಗಲೇ ಇಲ್ಲ.

ಸವಿತಾ ಆಗ ಅಲ್ಲೇ ಇದ್ದಳು. ನಿನ್ನೆ ಆ ಮಾತು ಎತ್ತುತ್ತಾಳೆಂದು ಸಂಜೆಯವರೆಗೂ ಕಾದೆ. ಎತ್ತಲಿಲ್ಲ. ಹೊರಡುವಾಗ ಬೆಂಚಿನ ಕಡೆ ತೋರಿಸಿ, "ಆಯಮ್ಮ ನಾಗಮಂಗಲದೋರು. ಸೂಜಿಗೆ ಹೆದರ್ಕಂಡು ಎದ್ದೋಯ್ತೀನಿ ಅಂತಾವ್ರೆ. ಒಸಿ ಧೈರ್ಯ ಹೇಳು ಮಾವ" ಎಂದಳು.

ಹೋಗಿ ಅವರ ಪಕ್ಕ ಕೂತೆ. ಅವರ ಹೆಸರು ಕರೆಯುವವರೆಗೂ ಕೂತಿದ್ದೆ.

ನಿನ್ನ ಅಣ್ಣ