ಮುಂದಿರ್ಪ ಗಾಡಿಯೊಳ್ ಮುನಿಸು

ಹುಣಸೂರು,
ಕಾರ್ತಿಕ ಸೋಮವಾರ, ದೀಪ ಹಚ್ಚಿದ ಮೇಲೆ

ಬೀಚನಹಳ್ಳಿಯಲ್ಲಿ ತಮ್ಮನ ಮನೆಯ ಜಗಲಿಯನ್ನು ಅಲಂಕರಿಸಿರುವ ಯಜಮಾನರ ಪಾದಗಳಿಗೆ ಪ್ರಮೀಳೆ ಮಾಡುವ ನಮಸ್ಕಾರಗಳು. ‘ಪಾದಗಳಿಗೆ’ ಎಂದು ಬರೆಯುವಾಗ ಲೇಖನಿ ಒಂದು ಕ್ಷಣ ತಡೆಯಿತು. ಕಾರಣವನ್ನು ಯಥಾವಕಾಶ ಅರಿಕೆ ಮಾಡಿಕೊಳ್ಳುತ್ತೇನೆ. ಇಲ್ಲಿ ನಾನು, ಹಸು, ಮತ್ತು ತಾವು ಮುಖ ತಿರುಗಿಸಿಕೊಂಡು ಹೋದ ಆ ಸರಕು ಗಾಡಿ, ಮೂವರೂ ಕ್ಷೇಮ.

ದೂರವಾಣಿ ಇರುವಾಗ ಕಾಗದವೇಕೆ ಎಂದು ತಾವು ಕೇಳಬಹುದು. ನನ್ನ ಕರೆಯೆಂದು ತಿಳಿದೊಡನೆ ತಾವು ಫೋನನ್ನು ಚಿಕ್ಕಬಸಮ್ಮನ ಕೈಗೆ ದಾಟಿಸುತ್ತೀರಿ. ನನ್ನ ಓರಗಿತ್ತಿಯಾದ ಆ ಸಾಧ್ವಿಯೋ, “ಭಾವ ಮನೇಲಿಲ್ಲ ಅನ್ನು ಅಂತ ಇಲ್ಲೇ ಕುಂತ್ಕಂಡು ಹೇಳ್ತಾವ್ರೆ ಕಣಕ್ಕ” ಎಂದು ಸುಳ್ಳನ್ನೂ ಸತ್ಯವನ್ನೂ ಒಂದೇ ಉಸಿರಿನಲ್ಲಿ ನಿವೇದಿಸುತ್ತಾಳೆ. ಈ ಕಾಗದವನ್ನೂ ತಾವು “ನೀನೇ ಓದವ್ವ, ನಂಗೆ ಪುರ್ಸೊತ್ತಿಲ್ಲ” ಎಂದು ಅವಳಿಗೇ ಕೊಡುವಿರೆಂದು ಬಲ್ಲೆ. ಆದ್ದರಿಂದ ಅಕ್ಷರಗಳನ್ನು ಬಿಡಿಸಿ ಬರೆಯುತ್ತಿದ್ದೇನೆ. ಚಿಕ್ಕಬಸಮ್ಮಾ, ನಿಧಾನವಾಗಿ ಓದು. ನಗು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೋ.

ತಾವು ಕೇಳಿ ಕಳುಹಿಸಿದ ವಸ್ತುಗಳಲ್ಲಿ ರಕ್ತದೊತ್ತಡದ ಮಾತ್ರೆ, ರೇಡಿಯೋ, ಪಂಚೆಗಳು, ಎಲೆಯಡಿಕೆಯ ಡಬ್ಬಿ ಇವೆಲ್ಲವನ್ನೂ ಚೀಲದಲ್ಲಿ ಕಟ್ಟಿ ನಮ್ಮ ಚಾಲಕ ಚಿಕ್ಕಮಾದಯ್ಯನ ಕೈಯಲ್ಲಿ ಈ ಪತ್ರದೊಡನೆ ಕಳುಹಿಸಿದ್ದೇನೆ. ಉಳಿದಿರುವುದು ಚರ್ಮದ ಚಪ್ಪಲಿಯ ಜೋಡಿ. ಹೊರಡುವ ಆವೇಶದಲ್ಲಿ ತಾವು ಬಚ್ಚಲುಮನೆಯ ರಬ್ಬರು ಚಪ್ಪಲಿಗಳನ್ನು, ಅದರಲ್ಲೂ ಒಂದು ನನ್ನದು, ಮೆಟ್ಟಿಕೊಂಡು ಬಸ್ಸು ಹತ್ತಿದಿರಿ. ಚರ್ಮದ ಜೋಡಿಯನ್ನು ಹುಡುಕುತ್ತಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಸಿಕ್ಕಿತೆಂದು ಬರೆದರೆ ಕಳುಹಿಸಬೇಕಾಗುತ್ತದೆ. ಆದಕಾರಣ ಮುಂದಿನ ವಿಷಯಕ್ಕೆ ಬರುತ್ತೇನೆ.

ತಮ್ಮ ಮುನಿಸಿನ ಮೂಲವನ್ನು ನಾನು ಅರಿಯದವಳಲ್ಲ. ಆಯುಷ್ಯವೆಲ್ಲ ಸರ್ಕಾರಿ ಬಸ್ಸು ಓಡಿಸಿ, ಒಂದು ಕೋಳಿಮರಿಗೂ ಗಾಯ ಮಾಡದೆ ನಿವೃತ್ತರಾದವರು ಮನೆಯಲ್ಲಿರುವಾಗ, ಮನೆಯ ಗಾಡಿಗೆ ಸಂಬಳದ ಚಾಲಕನನ್ನು ಇಟ್ಟೆನೆಂಬುದು ತಾನೆ? “ನನ್ ಸೀಟ್ನಾಗೆ ಕಂಡೋರ್ನ ಕುಂಡ್ರುಸ್ತೀಯಲ್ಲ, ನಾನೇನ್ ಸತ್ತೋಗಿವ್ನಾ?” ಎಂದು ತಾವು ಅಂದು ಕೇಳಿದ ಮಾತು ಈ ಗೋಡೆಗಳಲ್ಲಿ ಇನ್ನೂ ಇದೆ. ವಿಮೆಯ ಕಂಪನಿಯವರು ಅರವತ್ತು ದಾಟಿದವರನ್ನು ಒಪ್ಪುವುದಿಲ್ಲ ಎಂದು ನಾನು ಅಂದು ಹೇಳಿದ್ದು ತಮ್ಮ ಮಾನವನ್ನು ಕಾಯಲು. ವಿಮೆಯ ಕಂಪನಿಯವರನ್ನು ನಾನು ಕೇಳಿಯೇ ಇಲ್ಲ.

ನಿಜವಾದ ಕಾರಣ ತುಳಸಿಕಟ್ಟೆ. ಗಾಡಿ ಮನೆಗೆ ಬಂದ ದಿನ ಆರತಿಯ ತಟ್ಟೆ ನನ್ನ ಕೈಯಲ್ಲಿರುವಾಗಲೇ ತಾವು ಚಾಲಕನ ಪೀಠವನ್ನೇರಿ, ಹಿಮ್ಮುಖವಾಗಿ ಅಂಗಳಕ್ಕೆ ತರಲು ಹೋಗಿ, ಕಟ್ಟೆಯನ್ನು ನೆಲಸಮ ಮಾಡಿದಿರಿ. ಅಷ್ಟಾದರೂ ಪರವಾಗಿಲ್ಲ, ಗಿಡವನ್ನು ಮತ್ತೆ ನೆಡಬಹುದು. ಆದರೆ ಕೆಳಗಿಳಿದು ತಾವು ಆಡಿದ ಮಾತು ಬೀದಿಗೆಲ್ಲ ಬಾಯಿಪಾಠವಾಗಿದೆ: “ಈ ಕಟ್ಟೆನ ಯಾವಾಗ ಇಲ್ಲಿಗ್ ತಂದ್ರಿ?” ಯಜಮಾನರೇ, ನಮ್ಮ ಅತ್ತೆಯವರು ಈ ಮನೆಗೆ ಸೊಸೆಯಾಗಿ ಬಂದ ವರ್ಷ ಕಟ್ಟಿಸಿದ ಕಟ್ಟೆ ಅದು. ತಾವು ಅಂಬೆಗಾಲಿಕ್ಕಿದ್ದು ಅದರ ಸುತ್ತಲೇ.

ಕಣ್ಣಿಗೆ ಪೊರೆ ಬಂದಿದೆ, ಮೈಸೂರಿಗೆ ಹೋಗಿ ತೆಗೆಸಿಕೊಳ್ಳೋಣ ಎಂದರೆ, “ಪೊರೆ ಬರಾದು ಹಾವ್ಗೆ, ನಂಗಲ್ಲ” ಎಂದು ನಗೆಯಾಡಿ ಎದ್ದಿರಿ. ಮರುದಿನ ನಾನು ಚಿಕ್ಕಮಾದಯ್ಯನನ್ನು ಕರೆಸಿದೆ. ಅದೇ ಸಂಜೆ ತಾವು ಹೊರಟಿರಿ.

ಇನ್ನು ಉದ್ಯಮದ ವಾರ್ತೆ. ಗಾಡಿಯ ಮುಂಭಾಗದಲ್ಲಿ ‘ಶ್ರೀ ನಂಜುಂಡೇಶ್ವರ ಪ್ರಸನ್ನ’ ಎಂದು ಬರೆಸಿದ್ದು ತಮಗೆ ಗೊತ್ತೇ ಇದೆ. ಹಿಂಬದಿಯ ಹಲಗೆಯ ಮೇಲೆ ಎಲ್ಲರಂತೆ ‘ಹಾರ್ನ್ ಮಾಡಿ’ ಎಂದು ಬರೆಸುವುದು ಪುರಾಣ ಪ್ರವಚನಕಾರರ ಮಗಳಾಗಿ, ಒಂದು ತಲೆಮಾರಿಗೆ ಕನ್ನಡ ಕಲಿಸಿದವಳಾಗಿ ನನಗೆ ಸಮ್ಮತವಾಗಲಿಲ್ಲ. ತಾವು ಹೋದ ಮೇಲೆ ಪೂಜೆ ಮುಗಿಸಿ, ಹಾಲು ಕಾಯುವಷ್ಟರಲ್ಲಿ ಒಂದು ಪದ್ಯವನ್ನು ಕಟ್ಟಿದೆ:

ಹಿಂದೆ ಬರುವಣ್ಣ ಕೇಳ್ ಹಿತದ ನುಡಿಯೊಂದ
ಮುಂದಿರ್ಪ ಗಾಡಿಯೊಳ್ ಮುನಿಸು ನಿನಗೇಕೆ
ಸಂದಣಿಯ ಪಥದಲ್ಲಿ ಸಮದೂರಮಿರಲಿ
ನಂದಿವಾಹನನೆಲ್ಲರಂ ಸಲಹುತಿರಲಿ

ಬಣ್ಣ ಬರೆಯುವವನು “ಅಕ್ಷರಕ್ಕೆ ಇಷ್ಟು ಅಂತ ತಗತೀನಿ ಟೀಚರಮ್ಮ, ಒತ್ತಕ್ಷರಕ್ಕೆ ಬ್ಯಾರೆ” ಎಂದು ಎಚ್ಚರಿಸಿದನು. ನಾನು ಎದೆಗುಂದಲಿಲ್ಲ. ಆದರೆ ಹಲಗೆಯ ಅಗಲ ಸಾಲದೆ ಅಕ್ಷರಗಳು ಚಿಕ್ಕವಾದವು. ಚಿಕ್ಕವಾದ್ದರಿಂದ, ದೂರವಿರಿ ಎಂದು ಹೇಳುವ ಪದ್ಯವನ್ನು ಓದಬೇಕಾದರೆ ಹತ್ತಿರ ಬರಬೇಕಾಯಿತು. ಈ ತೊಡಕು ನನಗೆ ಮೊದಲು ಹೊಳೆಯಲಿಲ್ಲ.

ಮೊದಲ ಬಾಡಿಗೆ ಬೈಲಕುಪ್ಪೆಯ ಮುಸುಕಿನ ಜೋಳ. ಅಲ್ಲಿ ಮೂಟೆ ಹೊರಿಸುತ್ತಿದ್ದ ಲಾಮಾ ಒಬ್ಬರು ಪದ್ಯವನ್ನು ಎರಡು ಬಾರಿ ರಾಗವಾಗಿ ಓದಿ ತಲೆದೂಗಿದರಂತೆ. ನಮ್ಮ ಊರಿನವರು ಮಾತ್ರ ಗುದ್ದಿ ಓದಬೇಕಾಯಿತು. ಹಿಂತಿರುಗುವಾಗ ಹುಣಸೂರಿನ ಸೇತುವೆಯ ಬಳಿ ಚಿಕ್ಕಮಾದಯ್ಯ ವೇಗ ತಗ್ಗಿಸಿದ್ದೇ ತಡ, ಒಂದು ಸ್ಕೂಟರು ಬಂದು ಹಲಗೆಗೆ ಢೀ ಎಂದಿತು. ಇಳಿದು ನೋಡಿದರೆ ಗೋಣಿಚೀಲದ ವ್ಯಾಪಾರದ ಮುಬಷೀರ್. ನೆನಪಿದೆಯೇ, ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ವರ್ಷವಿಡೀ ನಿದ್ರಿಸಿದವನು? ಮಂಡಿ ತರಚಿಕೊಂಡು ನಮ್ಮ ಮನೆಗೇ ಬಂದು, “ಸಮದೂರಮಿರಲಿ ಅಂತ ಇತ್ತಲ್ಲ ಟೀಚರ್, ಅದು ಅರ್ಥ ಆಗ್ಲಿಲ್ಲ, ಇನ್ನೊಂದ್ ಸಲ ಓದಾನ ಅಂತ ಹತ್ರ ಬಂದೆ” ಎಂದನು. ಮುಲಾಮು ಹಚ್ಚುತ್ತ ಪದವನ್ನು ಬಿಡಿಸಿ ಅರ್ಥ ಹೇಳಿದೆ. “ಮೊದ್ಲೇ ಗೊತ್ತಿದ್ರೆ ದೂರಾನೇ ಇರ್ತಿದ್ದೆ” ಎಂದು ನಿಟ್ಟುಸಿರಿಟ್ಟನು. ಅವನು ಕನ್ನಡ ಕಲಿಯಲು ಮಂಡಿ ಒಡೆಯಬೇಕಾಯಿತಲ್ಲ ಎಂದು ದುಃಖವಾದರೂ, ಕಲಿತನಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಚಿಕ್ಕಮಾದಯ್ಯ ಹಿಗ್ಗಲಿಲ್ಲ. ಅವನು ಸರಗೂರಿನ ಕಡೆಯವನು, ನಿಧಾನಸ್ಥ. ಅವನು ಮೈಸೂರು ಮುಟ್ಟುವುದರೊಳಗೆ ಹೇರಿದ ಶುಂಠಿ ಚಿಗುರೊಡೆಯುತ್ತದೆ ಎಂದು ಮಾರುಕಟ್ಟೆಯವರು ಹಾಸ್ಯ ಮಾಡುತ್ತಾರೆ. ಆದರೆ ಹಟದಲ್ಲಿ ತಮಗೆ ಸರಿಸಮ. ಮಾರನೆಯ ದಿನ ಬೀಗದ ಕೈಯನ್ನು ದೇವರ ಮನೆಯ ಹೊಸಿಲ ಮೇಲಿಟ್ಟು, “ದೃಷ್ಟಿ ತಾಕೈತೆ ಕಣವ್ವ. ಪದ್ಯನಾರ ಅಳ್ಸಿ, ಇಲ್ಲಾ ಕಟ್ಟೋದು ಕಟ್ಟಿ. ಅಲ್ಲಿಗಂಟ ನಾನು ಗಾಡಿ ಎತ್ತಾಕಿಲ್ಲ” ಎಂದನು. ನಿಂಬೆಹಣ್ಣು, ಮೆಣಸಿನಕಾಯಿ, ಬೂದುಗುಂಬಳ ಎಲ್ಲವನ್ನೂ ತಂದಿಟ್ಟೆ. “ಅವೆಲ್ಲ ಅಂಗ್ಡಿಗಾಯ್ತದೆ, ರಸ್ತೆಗೆ ಸಾಲ್ದು” ಎಂದನು. ದೇವರ ಹೆಸರಿರುವ ರಥಕ್ಕೆ ಅವನು ಕೇಳುವ ವಸ್ತುವನ್ನು ಕಟ್ಟಲಾರೆನೆಂದು ನಾನು ವಾದಿಸಿದೆ. ಆಗ ಅವನು ಕೇಳಿದನು: “ಮುಂದ್ಗಡೆ ನಂಜುಂಡೇಶ್ವರ ನೋಡ್ಕತಾನೆ, ಸರಿ. ಹಿಂದ್ಗಡೆ ಯಾರವ್ವ ನೋಡ್ಕಳಾದು?”

ಪದ್ಯ ಉಳಿಯಿತು, ಗಾಡಿಯೂ ಹೊರಟಿತು, ಅಂದಿನಿಂದ ಒಂದು ಗೀರೂ ಬಿದ್ದಿಲ್ಲ ಎಂದಷ್ಟೇ ತಿಳಿಸಿ ಆ ಪ್ರಸಂಗವನ್ನು ಇಲ್ಲಿಗೆ ಮುಗಿಸುತ್ತೇನೆ.

ಈಗ ಬೀಚನಹಳ್ಳಿಯ ಕಡೆಯ ಶುಂಠಿಯ ಬಾಡಿಗೆ ವಾರ ವಾರವೂ ನಮಗೇ ಸಿಗುತ್ತಿದೆ. ಅಣೆಕಟ್ಟೆಯ ರಸ್ತೆಯ ಚಹದಂಗಡಿಯ ಮುಂದೆ ಗಾಡಿ ಹಾದುಹೋಗುವಾಗಲೆಲ್ಲ ತಾವು ಬೆಂಚಿನ ಮೇಲಿದ್ದು, ಹಾರ್ನ್ ಕೇಳಿದೊಡನೆ ಮುಖವನ್ನು ಆಚೆಗೆ ತಿರುಗಿಸುವಿರೆಂದು ಚಿಕ್ಕಮಾದಯ್ಯ ವರದಿ ಮಾಡಿದ್ದಾನೆ. ಗಾಡಿ ಮುಂದೆ ಹೋದ ಮೇಲೆ ಮಾತ್ರ ತಿರುವಿನವರೆಗೂ ಅದರ ಬೆನ್ನನ್ನೇ ನೋಡುತ್ತ ನಿಲ್ಲುವಿರಂತೆ. “ಅಣ್ಣ ಕಿವಿ ಕೊಟ್ಟು ನಿಂತ್ಕತಾರೆ ಕಣವ್ವ, ಗೇರು ಬದಲಾಯ್ಸಾಗ ಸದ್ದು ಸರಿ ಬರ್ನಿಲ್ಲ ಅಂದ್ರೆ ಅಲ್ಲಿಂದ್ಲೇ ತಲೆ ಚಚ್ಕತಾರೆ” ಎಂದು ಅವನು ಹೇಳಿದಾಗ ನಾನು ಒಳಗೆ ಹೋಗಿ, ಸೋಸಿಟ್ಟಿದ್ದ ಸೊಪ್ಪನ್ನೇ ಮತ್ತೊಮ್ಮೆ ಸೋಸಿದೆ.

ನನ್ನ ನಿವೃತ್ತಿಯ ಹಣದಲ್ಲಿ ಗಾಡಿಯನ್ನೇಕೆ ಕೊಂಡೆನೆಂದು ತಾವು ಒಮ್ಮೆಯೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ. ಕೆಲಸ ಬಿಟ್ಟ ಮೇಲೆ ತಾವು ದಿನವೂ ಬಸ್ ನಿಲ್ದಾಣದ ಕಂಬಕ್ಕೊರಗಿ ಕುಳಿತು, ಬರುವ ಬಸ್ಸಿನ ಇಂಜಿನ್ನಿಗೆ ಏನಾಗಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದಿರಿ. ಕೇಳುವ ಹೊಸ ಹುಡುಗರಿಗೆ ಪುರುಸೊತ್ತಿರಲಿಲ್ಲ. ಅದನ್ನು ತರಕಾರಿ ಕೊಳ್ಳಲು ಹೋದಾಗ ಕಂಡವಳು ನಾನು. ಇಂಜಿನ್ನಿನ ಸದ್ದು ಮನೆಯ ಬಾಗಿಲಲ್ಲೇ ಇರಲೆಂದು ಕೊಂಡೆ. ಆ ಸದ್ದು ಈಗ ದಿನವೂ ಬಾಗಿಲಲ್ಲಿದೆ. ಕೇಳುವವರು ಅಣೆಕಟ್ಟೆಯ ಬಳಿ ಮಾತ್ರೆ ನುಂಗದೆ ಕುಳಿತಿದ್ದಾರೆ.

ಚಾಲಕನ ಪೀಠದ ವಿಷಯದಲ್ಲಿ, ತಮ್ಮ ಹೆಸರು ಹಿಡಿದು ಚಿಕ್ಕಮಾದಯ್ಯ ಹೇಳುವುದು ಒಂದೇ ಮಾತು: “ಅದು ಕರಿಯಣ್ಣನ ಸೀಟೇ. ಅಣ್ಣನ ಕಣ್ಣು ಸರಿಯಾಗಗಂಟ ನಾನ್ ಕಾವ್ಲು ಕುಂತಿವ್ನಿ ಅಷ್ಟೆಯ.” ಮೈಸೂರಿನ ಕಣ್ಣಿನ ಡಾಕ್ಟರು ಸುಧಾ ಅವರಲ್ಲಿ ಈ ಗುರುವಾರಕ್ಕೆ ಹೆಸರು ಬರೆಸಿದ್ದೇನೆ. ತಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳದಿದ್ದುದಕ್ಕೆ, ಅಲ್ಲಿನ ಹುಡುಗಿ “ಪೇಷಂಟ್ ಹೆಸರಿಲ್ದೆ ಹೆಂಗ್ ಬರ್ಕೊಳ್ಲಿ ಆಂಟಿ?” ಎಂದು ಗದರಿದಳು. ಚೀಟಿಯ ಮೇಲೆ ಬರೆದುಕೊಟ್ಟೆ.

ಆದರೆ ಕಣ್ಣಿನ ಮಾತೆತ್ತಿದರೆ ತಾವು ಉರಿದೇಳುವಿರೆಂದು ಚಿಕ್ಕಬಸಮ್ಮ ಮೊನ್ನೆ ಹೇಳಿದಳು. “ನಂಗ್ಯಾತರ ಪೊರೆ? ಆ ಬೆಂಚ್ ಮ್ಯಾಲ್ ಕುಂತೇ ಅವಳ ಪದ್ಯ ನಾಕ್ ಸಾಲೂ ಓದಿವ್ನಿ. ಉದ್ದಾಯ್ತು ಅಂತ ಹೇಳು. ಮೊದ್ಲು ನನ್ ಕೆರ ಕಳ್ಸಾಕ್ ಹೇಳು” ಎಂದಿರಂತೆ. ಪದ್ಯ ಉದ್ದವಾಯಿತೆಂಬ ವಿಮರ್ಶೆಯನ್ನು ಶಿರಸಾ ವಹಿಸುತ್ತೇನೆ. ಉಳಿದ ಮಾತಿಗೆ ಉತ್ತರವನ್ನು ಸಹಿಯ ಕೆಳಗೆ ಬರೆಯುತ್ತೇನೆ; ಸಹಿಯ ಮೇಲೆ ಬರೆಯಲು ಧೈರ್ಯ ಸಾಲದು.

ಎಂದೆಂದಿಗೂ ತಮ್ಮ ಬಸ್ಸಿನ ಮುಂದಿನ ಸೀಟಿನ ಪ್ರಯಾಣಿಕಳು,
ಪ್ರಮೀಳಾ

ಸಹಿಯ ಕೆಳಗೆ:

ಚಿಕ್ಕಬಸಮ್ಮಾ, ಓದುವುದನ್ನು ಒಂದು ಗಳಿಗೆ ನಿಲ್ಲಿಸಿ, ಭಾವನವರ ಕೈಹಿಡಿದು ಹೊರಗೆ ಕರೆದುಕೊಂಡು ಬಾ. ಪತ್ರ ತಂದ ಗಾಡಿ ಬಾಗಿಲಲ್ಲೇ ನಿಂತಿರುತ್ತದೆ. ಅದರ ಹಿಂಬದಿಗೆ, ಕೈಯಿಂದ ಮುಟ್ಟುವಷ್ಟು ಹತ್ತಿರಕ್ಕೆ ನಿಲ್ಲಿಸು. ಇನ್ನು ಓದು.

ಯಜಮಾನರೇ, ಹಿಂಬದಿಯ ಹಲಗೆಯ ಸರಪಳಿಯಲ್ಲಿ ತೂಗುತ್ತಿರುವುದು ತಮ್ಮ ಬಲಗಾಲಿನ ಚಪ್ಪಲಿ. ಹೊಸ ಚಪ್ಪಲಿಯನ್ನು ಕೊಡಿಸುತ್ತೇನೆ ಎಂದರೂ ಚಿಕ್ಕಮಾದಯ್ಯ ಒಪ್ಪಲಿಲ್ಲ. “ಊರೂರು ತಿರ್ಗಿದ್ ಕೆರ ಆಗ್ಬೇಕು, ಅದ್ರಲ್ಲೂ ಬ್ರೇಕ್ ತುಳ್ದಿರೋ ಕಾಲಿಂದು” ಎಂದನು. ಈ ನಾಲ್ಕು ತಾಲ್ಲೂಕಿನಲ್ಲಿ ಅಂಥ ಕಾಲು ಇನ್ನಾರದು? ಅಣ್ಣನ ಪಾದುಕೆಯನ್ನು ಗದ್ದುಗೆಯ ಮೇಲಿಟ್ಟು ರಾಜ್ಯವಾಳಿದ ತಮ್ಮನನ್ನು ನೆನೆದು, ಕಣ್ಣಿಗೊತ್ತಿಕೊಂಡೇ ಕಟ್ಟಿದೆ. ಗದ್ದುಗೆ ಮಾತ್ರ ಸ್ವಲ್ಪ ಕೆಳಗಿದೆ, ಕ್ಷಮಿಸಬೇಕು.

ಅದು ತೂಗುವುದು ಪದ್ಯದ ಎರಡನೆಯ ಸಾಲಿನ ಮೇಲೆ. ‘ಮುನಿಸು’ ಎಂಬ ಮಾತನ್ನು ಪೂರ್ತಿಯಾಗಿ ಮುಚ್ಚಿದೆ. ನಾಲ್ಕು ಸಾಲನ್ನೂ ಬೆಂಚಿನಿಂದಲೇ ಓದಿದವರು ಆ ಮಾತನ್ನು ಹೇಗೆ ಓದಿದಿರಿ? ಪಕ್ಕದಲ್ಲಿ ನಿಂತು ಹೇಳಿಕೊಟ್ಟವಳು ಚಿಕ್ಕಬಸಮ್ಮನೆಂದೂ, ಅವಳು ಅದನ್ನು ನನ್ನಿಂದ ಫೋನಿನಲ್ಲಿ ಕೇಳಿ ಕಲಿತವಳೆಂದೂ ನಾನು ಬಲ್ಲೆ. ತಮ್ಮದೇ ಚಪ್ಪಲಿ ವಾರ ವಾರವೂ ತಮ್ಮ ಕಣ್ಣ ಮುಂದೆಯೇ ಹಾದುಹೋಗಿದೆ. ತಾವು ಅದನ್ನು ನನ್ನಲ್ಲಿ ಕೇಳಿ ಕಳುಹಿಸುತ್ತಿದ್ದೀರಿ. ಪೊರೆ ತೆಗೆಸಲು ಇದಕ್ಕಿಂತ ಬೇರೆ ಕಾರಣವನ್ನು ನಾನು ಕೊಡಬೇಕೇ?

ಬಿಚ್ಚಿಕೊಳ್ಳುವ ಅಧಿಕಾರ ತಮ್ಮದೇ. ಬಿಚ್ಚಿದರೆ ಚಿಕ್ಕಮಾದಯ್ಯ ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬರುತ್ತಾನಂತೆ. ಹೇರಿಕೊಂಡ ಶುಂಠಿ ಮೈದುನನ ಅಂಗಳದಲ್ಲೇ ಬೇರು ಬಿಡುತ್ತದೆ. ಆದ್ದರಿಂದ ಅದು ಅಲ್ಲಿಯೇ ಇರಲಿ. ತಾವು ಎಡಗಡೆಯ ಬಾಗಿಲಿನಿಂದ ಹತ್ತಿ ಕುಳಿತು, ಅವನ ಗೇರಿನ ಸದ್ದನ್ನು ತಿದ್ದುತ್ತ ಮನೆಗೆ ಬನ್ನಿ. ಸೀಟಿಗೆ ಮೆತ್ತೆ ಹಾಕಿಸಿದ್ದೇನೆ. ತುಳಸಿಕಟ್ಟೆಯನ್ನು ಮತ್ತೆ ಕಟ್ಟಿಸಿದೆ, ಇದ್ದ ಜಾಗದಲ್ಲೇ. ಎಡಗಾಲಿನ ಚಪ್ಪಲಿ ಬಾಗಿಲ ಬಳಿ ಒಂಟಿಯಾಗಿ ಕಾದಿದೆ.

ಬರುವಾಗ ನನ್ನ ರಬ್ಬರು ಚಪ್ಪಲಿಯನ್ನು ಮರೆಯದೆ ತರಬೇಕು. ತಾವು ಹೋದಂದಿನಿಂದ ನಾನು ಬಚ್ಚಲಿಗೆ ಒಂದು ಕಾಲಿಗೆ ನನ್ನದು, ಇನ್ನೊಂದಕ್ಕೆ ತಮ್ಮದು ಮೆಟ್ಟಿಕೊಂಡು ಓಡಾಡುತ್ತಿದ್ದೇನೆ.