ದೇವರ ಗೂಡಿನಲ್ಲಿದ್ದ ಸ್ಕೂಟರ್ ಚಾವಿ

ವಾಹನ ನೋಂದಣಿ ಕಚೇರಿಯ ದೊಡ್ಡ ಸಾಹೇಬರಿಗೆ,

ಮಾನ್ಯರೇ,

ನಾನು ನನ್ನ ಸ್ಕೂಟರ್ ಮಾರಿದ್ದೇನೆ. ಮಾರಿದ್ದೇನೆ ಎಂದು ನಾನು ಹೇಳುತ್ತಿದ್ದೇನೆ, ಕೊಂಡಿದ್ದೇನೆ ಎಂದು ಕೊಂಡವಳು ಹೇಳುತ್ತಿದ್ದಾಳೆ, ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇವೆ ಎಂದು ನಮ್ಮ ಕೇರಿಯ ಹನ್ನೊಂದು ಮನೆಯವರು ಹೇಳುತ್ತಿದ್ದಾರೆ. ಇಲ್ಲ, ಮಾರಿಲ್ಲ ಎನ್ನುತ್ತಿರುವವರು ತಾವೊಬ್ಬರೇ. ಆ ಸ್ಕೂಟರ್ ನಾಲ್ಕು ತಿಂಗಳಿಂದ ತಮ್ಮ ಕಚೇರಿಯ ಹಿಂದಿನ ನೇರಳೆ ಮರದ ಕೆಳಗೆ ನಿಂತಿದೆ. ಹಕ್ಕಿಗಳು ಅದರ ಸೀಟಿನ ಮೇಲೆ ದಿನವೂ ತಮ್ಮ ಅಹವಾಲು ಸಲ್ಲಿಸಿ ಹೋಗುತ್ತಿವೆ ಎಂದು ನೋಡಿ ಬಂದ ನನ್ನ ತಮ್ಮ ಸುಭಾಷ ಹೇಳಿದ. ಆ ಆವರಣದಲ್ಲಿ ಖುದ್ದು ಹಾಜರಿ ಕೇಳದೆ ಸ್ವೀಕಾರವಾಗುವ ಅಹವಾಲು ಅದೊಂದೇ ಇರಬೇಕು.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಆದರೆ ತಮ್ಮ ಕಚೇರಿ ಯಾವ ಊರಿನಲ್ಲಿದೆ ಎಂದು ಇಲ್ಲಿ ಬರೆದಿಲ್ಲ. ಅದು ತಮ್ಮ ಮರ್ಯಾದೆ ಕಾಪಾಡಲು ಅಲ್ಲ, ಆ ಊರಿನ ಮರ್ಯಾದೆ ಕಾಪಾಡಲು.

ನಾನು ಪ್ರತಿಭಾ. ಸಿದ್ದಾಪುರ ತಾಲೂಕಿನವಳು, ಈಗ ಮಸ್ಕತ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿಗೆ ಬರುವ ಮೊದಲು ಆರು ವರ್ಷ ನಮ್ಮ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ದುಡಿದೆ. ಆ ಸ್ಕೂಟರ್ ಕೊಂಡದ್ದು ಆಗ. ಬಸ್ಸು ತಿರುಗಿ ಹೋಗುವ ಜಾಗದಿಂದ ಮುಂದಿನ ಮಜಿರೆಗಳಿಗೆಲ್ಲ ಅದರ ಮೇಲೆಯೇ ಓಡಾಡಿದೆ. ನಾನು ಮಸ್ಕತ್‌ಗೆ ಬಂದ ಮೇಲೆ ಅದು ನಮ್ಮ ಕಟ್ಟಿಗೆ ಕೊಟ್ಟಿಗೆಯಲ್ಲಿ ಒಂದು ವರ್ಷ ಸುಮ್ಮನೆ ನಿಂತಿತ್ತು. ಕಾಲಿಡುವ ಜಾಗದಲ್ಲಿ ಒಂದು ಹೇಂಟೆ ಎರಡು ಸಲ ಮರಿ ಮಾಡಿತು. ಅಷ್ಟರಲ್ಲಿ ನಮ್ಮ ಭಾಗದ ಆಶಾ ಕಾರ್ಯಕರ್ತೆ ಜಯಾ ಕೇಳಿದಳು. ಬಾಣಂತಿಯರ ಮನೆ, ಬಸುರಿಯರ ಮನೆ, ಲಸಿಕೆಗೆ ಬಾರದ ಮಕ್ಕಳ ಮನೆ ಎಂದು ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ನಡೆಯುವವಳು ಅವಳು. ಆ ದಾರಿಯ ಗುಣ ನನಗೂ ಗೊತ್ತು, ನನ್ನ ಸ್ಕೂಟರಿಗೂ ಗೊತ್ತು. ಅವಳಿಗಲ್ಲದೆ ಇನ್ಯಾರಿಗೆ ಕೊಡಲಿ?

ಮಾರಾಟ ಹೇಗೆ ನಡೆಯಿತು ಎಂದು ತಾವು ಮೂರು ಸಲ ಕೇಳಿದ್ದೀರಂತೆ, ಆದ್ದರಿಂದ ಹೇಳುತ್ತೇನೆ. ಒಂದು ಭಾನುವಾರ ನನ್ನ ಅವ್ವ ದ್ಯಾವಮ್ಮ ಸ್ಕೂಟರ್ ತೊಳೆದು ಅಂಗಳದಲ್ಲಿ ನಿಲ್ಲಿಸಿದಳು. ಸುಭಾಷ ಮೊಬೈಲ್ ಹಿಡಿದು ನನಗೆ ವಿಡಿಯೋದಲ್ಲಿ ಎಲ್ಲವನ್ನೂ ತೋರಿಸಿದ. ಅವ್ವ ಹ್ಯಾಂಡಲಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು, ಮೊಬೈಲಿನ ಕಡೆ ತಿರುಗಿ "ಕೊಡ್ಲಾ?" ಎಂದಳು. ನಾನು "ಕೊಡು" ಎಂದೆ. ನಮ್ಮಲ್ಲಿ ವ್ಯಾಪಾರ ಅಷ್ಟಕ್ಕೆ ಮುಗಿಯುತ್ತದೆ.

ಎಡವಟ್ಟಾದದ್ದು ಅದರ ಮುಂದೆ. ನಮ್ಮ ಕಡೆ ಆಕಳು ಮಾರಿದರೆ ಅದರ ಹಗ್ಗ ಕೊಡುವುದಿಲ್ಲ. ಕೊಳ್ಳುವವರು ತಮ್ಮದೇ ಹೊಸ ಹಗ್ಗ ತಂದು ಕಟ್ಟಿಕೊಂಡು ಹೋಗುತ್ತಾರೆ, ಹಳೆಯ ಹಗ್ಗ ನಮ್ಮ ಕೊಟ್ಟಿಗೆಯ ಗೂಟದಲ್ಲೇ ಉಳಿಯುತ್ತದೆ. ಹಗ್ಗವೂ ಹೋದರೆ ಕೊಟ್ಟಿಗೆ ಬರಿದಾಗುತ್ತದೆ, ಹಗ್ಗ ಇದ್ದರೆ ಇನ್ನೊಂದು ಆಕಳು ತಾನಾಗಿ ಬರುತ್ತದೆ ಎಂಬ ನಂಬಿಕೆ. ಅವ್ವ ಹುಟ್ಟಿದಾಗಿನಿಂದ ಇದನ್ನೇ ನೋಡಿದವಳು. ಹಾಗಾಗಿ ಸ್ಕೂಟರ್ ಕೊಟ್ಟ ದಿನ ಅದರ ಮೂಲ ಚಾವಿಯನ್ನೂ ಆರ್‌ಸಿ ಕಾರ್ಡನ್ನೂ ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಟ್ಟುಬಿಟ್ಟಳು. ಜಯಾಗೆ ಸಿಕ್ಕಿದ್ದು ಎರಡನೆಯ ಚಾವಿ ಮತ್ತು ಕಾರ್ಡಿನ ಜೆರಾಕ್ಸ್. ಅವಳಾದರೂ ಕೇಳಬಾರದಿತ್ತೇ ಎನ್ನಬಹುದು. ಅವಳ ಮನೆಯಲ್ಲೂ ಎಮ್ಮೆ ಮಾರಿದ್ದಾರೆ, ಸಾಹೇಬರೇ. ಕೊಟ್ಟವರ ಮನೆಯ ಹಗ್ಗ ಕೇಳುವಷ್ಟು ನಾಚಿಕೆ ಬಿಟ್ಟವಳಲ್ಲ ಅವಳು. ಬರುವಾಗ ಸಿರ್ಸಿ ಪೇಟೆಯಿಂದ ಒಂದು ಹೊಸ ಚಾವಿಗೊಂಚಲನ್ನು ತಾನೇ ತಂದಿದ್ದಳು.

ಹೆಸರು ಬದಲಾಯಿಸುವ ಫಾರಂಗಳಿಗೆ ನಾನು ರಜೆಗೆ ಬಂದಾಗ ಸಹಿ ಹಾಕಿದರಾಯಿತು ಎಂದುಕೊಂಡೆವು. ಅದು ತಪ್ಪು. ತಿಳಿಸಬೇಕಾದ ಕಾಲಕ್ಕೆ ತಿಳಿಸಲಿಲ್ಲ, ಒಪ್ಪುತ್ತೇನೆ. ಅದಕ್ಕೆ ಏನು ದಂಡವಿದೆಯೋ ಕಟ್ಟುತ್ತೇನೆ ಎಂದು ಮೊದಲ ಅರ್ಜಿಯಲ್ಲೇ ಬರೆದಿದ್ದೇನೆ. ತಪ್ಪು ಮಾಡಿದವರು ದಂಡ ಕಟ್ಟುತ್ತೇವೆ ಎಂದು ಕೈಮುಗಿದು ನಿಂತಿದ್ದಾರೆ, ದಂಡ ಹಾಕಬೇಕಾದವರು ಬೇಡ ಎನ್ನುತ್ತಿದ್ದಾರೆ. ಇಂಥ ಉದಾರ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜನವರಿಯ ಕೊನೆಯಲ್ಲಿ ತಮ್ಮ ಸಿಬ್ಬಂದಿ ಸೇತುವೆಯ ಹತ್ತಿರ ಜಯಾಳನ್ನು ತಡೆದರು. ಅವಳ ಚೀಲದಲ್ಲಿ ಕಬ್ಬಿಣಾಂಶದ ಮಾತ್ರೆ, ಎಳೆಮಕ್ಕಳನ್ನು ತೂಗುವ ತಕ್ಕಡಿ ಇದ್ದವು. ಕಾಗದ ತೋರಿಸು ಎಂದರು, ಜೆರಾಕ್ಸ್ ತೋರಿಸಿದಳು. ಮಾಲೀಕರೆಲ್ಲಿ ಎಂದರು, ಮಸ್ಕತ್‌ನಲ್ಲಿ ಎಂದಳು. ಅವರು ನಕ್ಕರಂತೆ. ನಕ್ಕು ಸ್ಕೂಟರ್ ತೆಗೆದುಕೊಂಡು ಹೋದರು. ಅವಳು ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡು ನಡೆದಳು.

ಮರುದಿನ ಅವ್ವ ಹಳದಿ ಗಂಟು ಹಿಡಿದು ತಮ್ಮ ಮುಂದೆ ಬಂದಳು. ಇಗೊಳ್ಳಿ ಕಾರ್ಡು, ಇಗೊಳ್ಳಿ ಚಾವಿ, ಇನ್ನು ಗಾಡಿ ಬಿಡಿ ಎನ್ನುವುದು ಅವಳ ಲೆಕ್ಕ. ತಮ್ಮ ಲೆಕ್ಕ ಬೇರೆಯೇ ಇತ್ತು. ಮೂಲ ಕಾರ್ಡೂ ಚಾವಿಯೂ ನಿಮ್ಮ ಬಳಿಯೇ ಇವೆ ಎಂದಮೇಲೆ ಮಾರಾಟವೇ ಆಗಿಲ್ಲ, ಹಾಗಾದರೆ ಈ ಹೆಂಗಸಿನ ಕೈಗೆ ಗಾಡಿ ಹೇಗೆ ಬಂತು ಎಂದು ತಾವು ಜಯಾಳ ಮೇಲೆಯೇ ಸಂಶಯದ ಕಡತ ತೆರೆದಿರಿ. ಕೊಂಡವಳನ್ನು ಕಳ್ಳಿ ಮಾಡುವುದಕ್ಕೆ ತಮಗೆ ಬೇಕಾದದ್ದು ಒಂದು ಹಳದಿ ಬಟ್ಟೆ ಮಾತ್ರ. ಆಗ ಅವ್ವ ಹೇಳಿದ ಮಾತನ್ನು ಪಕ್ಕದಲ್ಲಿದ್ದ ಸುಭಾಷ ನನಗೆ ಹೇಳಿದ್ದಾನೆ:

"ಎಂತ ಸಾಹೇಬ್ರೆ, ಆಕ್ಳು ಕೊಟ್ಟವ್ರು ಹಗ್ಗ ಕೊಡ್ತಾರಾ? ಹಗ್ಗ ಇಟ್ಕಂಡಿದ್ದು ನಾನು. ಅವ್ಳ ಹೆಸ್ರು ಎಂತಕ್ಕೆ ಬರಿತೀರಿ?"

"ಅಮ್ಮಾ, ಇದು ದನದ ಸಂತೆ ಅಲ್ಲ" ಎಂದಿರಿ ತಾವು.

"ಅದು ಗೊತ್ತಾಗ್ತದೆ. ದನದ ಸಂತೇಲಿ ಆದ್ರೆ ಮಾತಿಗೆ ಬೆಲೆ ಇರ್ತದೆ" ಎಂದಳು ಅವ್ವ.

ಈ ಮಾತು ಕೇಳಿ ತಮಗೆ ಸಿಟ್ಟು ಬಂತಂತೆ. ನನಗೆ ಹೆಮ್ಮೆ ಅನಿಸಿತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಅವಳು.

ಆಮೇಲೆ ನನ್ನ ಸರದಿ. ಮಾಲೀಕರೇ ಖುದ್ದಾಗಿ ಬರಬೇಕು ಎಂದು ತಾವು ಬರೆದು ಕಳಿಸಿದಿರಿ. ನಾನು ಇಲ್ಲಿ ಎರಡು ದಿನದ ರಜೆ ಕಳೆದುಕೊಂಡು ರಾಯಭಾರ ಕಚೇರಿಯಲ್ಲಿ ಸಹಿಗೆ ಮೊಹರು ಹಾಕಿಸಿ, ನನ್ನ ಪರವಾಗಿ ಸುಭಾಷನೇ ಎಲ್ಲಾ ಮಾಡಬಹುದು ಎಂಬ ಅಧಿಕಾರ ಪತ್ರ ಕಳಿಸಿದೆ. ತಾವು ಅದನ್ನು ಬೆಳಕಿಗೆ ಹಿಡಿದು ನೋಡಿದಿರಂತೆ, ವಾಸನೆ ಮಾತ್ರ ನೋಡಲಿಲ್ಲವಂತೆ. ಕಾಗದ ಸರಿಯಿದೆ, ಆದರೆ ಮಾಲೀಕರು ಕಾಣಬೇಕು ಎಂದಿರಿ. ಸುಭಾಷ ಅಲ್ಲೇ ವಿಡಿಯೋ ಕರೆ ಮಾಡಿದ. ನಾನು ಡ್ಯೂಟಿಯ ನಡುವೆ, ಸಮವಸ್ತ್ರದಲ್ಲೇ, ಪಾಸ್‌ಪೋರ್ಟನ್ನು ಮುಖದ ಪಕ್ಕ ಹಿಡಿದು ತಮಗೆ ನಮಸ್ಕಾರ ಹೇಳಿದೆ. ತಾವು ಪ್ರತಿನಮಸ್ಕಾರವನ್ನೂ ಮಾಡಿದಿರಿ. ಮಾಡಿದ ಮೇಲೆ, ಪರದೆಯಲ್ಲಿ ಕಂಡರೆ ಹಾಜರಾದಂತೆ ಅಲ್ಲ ಎಂದಿರಿ. ಹಾಗಾದರೆ ತಾವು ಕೈಮುಗಿದದ್ದು ಯಾರಿಗೆ?

ಇನ್ನೊಂದು ಮಾತು ಕೇಳಬೇಕು. ಸ್ಕೂಟರಿನ ವಿಮೆ ಮುಗಿಯಿತು ಎಂದು ಸಂದೇಶ ಬರುವಾಗ ನಾನು ಮಸ್ಕತ್‌ನಲ್ಲೇ ಇರುತ್ತೇನೆ, ಆಗ ಸರ್ಕಾರಕ್ಕೆ ನಾನು ಕಾಣುತ್ತೇನೆ. ಹಿಂದೆ ಕೂತವರು ಹೆಲ್ಮೆಟ್ ಹಾಕಿಲ್ಲ ಎಂದು ಫೋಟೋ ಸಮೇತ ದಂಡದ ನೋಟಿಸು ಬಂತು, ಆಗಲೂ ಕಂಡೆ. ಅದನ್ನು ಇಲ್ಲಿಂದಲೇ ಕಟ್ಟಿದೆ, ಒಂದು ನಿಮಿಷವೂ ಹಿಡಿಯಲಿಲ್ಲ, ಖುದ್ದು ಬಾ ಎಂದು ಯಾರೂ ಅನ್ನಲಿಲ್ಲ. ದಂಡ ತೆರುವಾಗ ಎಲ್ಲಿದ್ದರೂ ಕಾಣುವ ಹೆಂಗಸು, ಹಕ್ಕು ಬಿಟ್ಟುಕೊಡುತ್ತೇನೆ ಎಂದಾಗ ಮಾತ್ರ ಮಾಯವಾಗುವುದು ಹೇಗೆ? ಪಡೆಯುವುದಕ್ಕೆ ಬಂದವರನ್ನು ಕಾಯಿಸುವುದು ನೋಡಿದ್ದೇನೆ. ಬಿಟ್ಟುಕೊಡಲು ಬಂದವರನ್ನೂ ಕಾಯಿಸುವುದು ತಮ್ಮದೇ ಹೊಸ ಶೋಧ.

ತಮ್ಮ ಗೇಟಿನ ಎದುರು ಕೊಡೆ ಬಿಚ್ಚಿಕೊಂಡು, ಪ್ಲಾಸ್ಟಿಕ್ ಮೇಜು ಹಾಕಿಕೊಂಡು ಕೂರುವ ಒಬ್ಬ ಏಜೆಂಟರಿದ್ದಾರೆ. ತಾವು ಅವರನ್ನು ನೋಡಿರಲಿಕ್ಕಿಲ್ಲ, ತಮ್ಮ ಕಿಟಕಿ ಅವರ ಕೊಡೆಯ ಕಡೆಗೇ ತೆರೆದುಕೊಂಡಿದ್ದರೂ. ಅವರು ಸುಭಾಷನನ್ನು ಕರೆದು ಕೂರಿಸಿ ಚಹಾ ಕೊಟ್ಟು, ಇಷ್ಟು ಸಣ್ಣ ಕೆಲಸಕ್ಕೆ ಅಕ್ಕನನ್ನು ಸಮುದ್ರ ದಾಟಿಸುವುದೇಕೆ, ಮಾಲೀಕರನ್ನು ನಾವೇ ಹಾಜರು ಮಾಡಿಸುತ್ತೇವೆ ಎಂದರಂತೆ. ಅವರ ಕಡೆಯ ಒಬ್ಬ ಹೆಂಗಸು ಬಂದು ಸಾಹೇಬರ ಮುಂದೆ ನಿಂತು ನಾನೇ ಪ್ರತಿಭಾ ಅನ್ನುತ್ತಾಳಂತೆ, ಹದಿನೈದು ನಿಮಿಷದ ಕೆಲಸವಂತೆ. ಅಂದರೆ ಈ ಜಿಲ್ಲೆಯ ಯಾವ ಹೆಂಗಸು ಬೇಕಾದರೂ ತಮ್ಮ ಮುಂದೆ ಪ್ರತಿಭಾ ಆಗಬಹುದು, ಪ್ರತಿಭಾ ಒಬ್ಬಳನ್ನು ಬಿಟ್ಟು. ಸುಭಾಷ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದ. ಅವನು ಹಾಗೆ ಎದ್ದು ಬಂದದ್ದಕ್ಕೆ ಗಾಡಿ ಇನ್ನೂ ನೇರಳೆ ಮರದ ಕೆಳಗಿದೆ ಎಂದು ನಾನು ನಂಬಿದ್ದೇನೆ. ತಪ್ಪಾಗಿದ್ದರೆ ಗಾಡಿ ಬಿಟ್ಟು ನನ್ನ ಬಾಯಿ ಮುಚ್ಚಿಸಿ.

ಇಷ್ಟಕ್ಕೆಲ್ಲ ನಾನು ನಗುತ್ತಲೇ ಇದ್ದೆ. ಏಪ್ರಿಲ್‌ನಲ್ಲಿ ನಗು ನಿಂತಿತು. ಜಯಾ ಹೋಗಬೇಕಾದ ಕಟ್ಟಕಡೆಯ ಮಜಿರೆಯಲ್ಲಿ ಕೆರಿಯ ಎಂಬ ಹಿರಿಯರ ಮನೆಯಿದೆ. ಅವರ ಸೊಸೆಗೆ ಹೆಣ್ಣು ಮಗು ಹುಟ್ಟಿತ್ತು, ತೂಕ ಎರಡು ಕಿಲೋಕ್ಕೂ ಕಡಿಮೆ. ಇಂಥ ಮಗುವನ್ನು ಮತ್ತೆ ಮತ್ತೆ ಹೋಗಿ ತೂಗಬೇಕು, ಮೈ ಬೆಚ್ಚಗಿದೆಯೇ, ಹಾಲು ಎಳೆಯುತ್ತಿದೆಯೇ ನೋಡಬೇಕು. ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷದ ದಾರಿ, ನಡೆದರೆ ಎರಡು ತಾಸು. ಆ ದಿನ ಜಯಾಗೆ ಬೇರೆ ಎರಡು ಮನೆಗಳಿದ್ದವು. ಬೆಳಿಗ್ಗೆ ತಲುಪಬೇಕಾದವಳು ಮಧ್ಯಾಹ್ನ ಮೂರಕ್ಕೆ ತಲುಪಿದಳು. ಮಗು ಬೆಳಿಗ್ಗೆಯಿಂದ ಹಾಲು ಬಿಟ್ಟಿತ್ತು, ಅಂಗಾಲು ತಣ್ಣಗಾಗಿತ್ತು. ಮಲಗಿದೆ ಪಾಪ ಎಂದು ಮನೆಯವರು ಸುಮ್ಮನಿದ್ದರು. ಜಯಾ ಅದನ್ನು ತಾಯಿಯ ಎದೆಗೆ ಒತ್ತಿ ಕಟ್ಟಿ, ಕಟ್ಟಿಗೆ ತರಲು ಬಂದಿದ್ದ ಜೀಪು ನಿಲ್ಲಿಸಿ, ಸಿದ್ದಾಪುರದ ಆಸ್ಪತ್ರೆಗೆ ಓಡಿಸಿದಳು. ಮಗು ಹನ್ನೆರಡು ದಿನ ಅಲ್ಲಿದ್ದು ಮನೆಗೆ ಬಂತು. ಅದು ಬದುಕಿದ್ದಕ್ಕೇ ಈ ಪತ್ರ ಇಷ್ಟು ಮೆತ್ತಗಿದೆ.

ಆ ಸಂಜೆ ಜಯಾ ನನಗೆ ಫೋನು ಮಾಡಿ ಅತ್ತಳು. ಗಾಡಿ ಇದ್ದಿದ್ದರೆ ಬೆಳಿಗ್ಗೆಯೇ ಹೋಗಿರುತ್ತಿದ್ದೆ ಪ್ರತಿಭಕ್ಕ ಎಂದಷ್ಟೇ ಹೇಳಿದಳು. ತಮ್ಮನ್ನು ಬೈಯಲಿಲ್ಲ. ಆ ಕೆಲಸ ನಾನು ಮಾಡಿದೆ, ಯಾವ ಮಾತುಗಳಲ್ಲಿ ಎಂದು ಇಲ್ಲಿ ಬರೆದರೆ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.

ಈ ಸುದ್ದಿ ಅವ್ವನಿಗೂ ತಲುಪಿತು. ಅವಳು ಏನು ಮಾಡಿದಳು ಎಂಬುದನ್ನು ತಾವು ಗಮನವಿಟ್ಟು ಓದಬೇಕು. ಮರುದಿನ ಬೆಳಿಗ್ಗೆ, ತಮ್ಮ ಕಚೇರಿಯಿಂದ ವಾಪಸ್ಸು ತಂದು ಮತ್ತೆ ದೇವರ ಗೂಡಿನಲ್ಲೇ ಇಟ್ಟಿದ್ದ ಹಳದಿ ಗಂಟು ತೆಗೆದಳು, ಜಯಾಳ ಮನೆಗೆ ನಡೆದು ಹೋದಳು, ಕಾರ್ಡನ್ನೂ ಮೂಲ ಚಾವಿಯನ್ನೂ ಅವಳ ಕೈಯಲ್ಲಿಟ್ಟಳು. ಜಯಾ ಬೇಡವೇ ಬೇಡ ದ್ಯಾವಕ್ಕ, ನಿಮ್ಮ ಮನೆಗೆ ಒಳ್ಳೆಯದಲ್ಲ ಎಂದು ಕೈ ಹಿಂದಕ್ಕೆ ಎಳೆದುಕೊಂಡಳಂತೆ. ಅವ್ವ ಬಿಡಲಿಲ್ಲ. ನಮ್ಮ ಮನೆಯಲ್ಲಿ ಮಾರಿದ ಪ್ರಾಣಿಯ ಜೊತೆ ಹಗ್ಗ ಹೊರಗೆ ಹೋದದ್ದು ಇದೇ ಮೊದಲು.

ಯಾಕೆ ಕೊಟ್ಟೆ ಎಂದು ಕೇಳಿದ್ದಕ್ಕೆ ಫೋನಿನಲ್ಲಿ, "ಚಾವಿ ಮನೇಲಿದ್ರೆ ನೀ ತಿರುಗಿ ಬರ್ತೆ ಅಂದ್ಕಂಡಿದ್ದೆ. ಇರ್ಲಿ ಬಿಡು. ಅಲ್ಲೊಂದು ಕೂಸು ತಣ್ಣಗಾಗ್ತಿತ್ತು" ಎಂದಳು.

ಅವ್ವ ಇಟ್ಟುಕೊಂಡದ್ದು ಗಾಡಿಯ ಚಾವಿಯನ್ನಲ್ಲ ಎಂದು ನನಗೆ ತಿಳಿದದ್ದು ಆಗ. ತಮ್ಮ ಕಡತದಲ್ಲಿ ಅದು ಸಂಶಯಾಸ್ಪದ ವಸ್ತು ಎಂದು ನಮೂದಾಗಿದೆ.

ನಾನು ಬೇಡುತ್ತಿಲ್ಲ, ಸಾಹೇಬರೇ, ಕೇಳುತ್ತಿದ್ದೇನೆ. ಜಯಾಳ ಮೇಲಿನ ಸಂಶಯದ ಕಡತ ಮುಚ್ಚಿ, ಮುಚ್ಚಿದ್ದೇನೆ ಎಂದು ಅವಳಿಗೆ ಬರೆದುಕೊಡಿ. ನನ್ನ ಅಧಿಕಾರ ಪತ್ರ ಒಪ್ಪುವುದಿಲ್ಲವಾದರೆ ಯಾವ ನಿಯಮದ ಪ್ರಕಾರ ಎಂದು ಸಹಿ ಹಾಕಿ ಕೊಡಿ, ಬಾಯಿಮಾತು ಕೇಳಿ ಸಾಕಾಗಿದೆ. ಅದನ್ನೂ ಮಾಡುವುದಿಲ್ಲವಾದರೆ ಜೂನ್ ಎರಡನೆಯ ಸೋಮವಾರ ಹತ್ತು ಗಂಟೆಗೆ ನಾನೇ ಖುದ್ದಾಗಿ ಬರುತ್ತೇನೆ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯನ್ನು ತಮಗೆ ಮುಖ ತೋರಿಸಲು ಮುಡಿಪಾಗಿಟ್ಟಿದ್ದೇನೆ. ನನ್ನ ಜೊತೆ ಜಯಾ ಇರುತ್ತಾಳೆ, ಸಿದ್ದಾಪುರದಿಂದ ಯಲ್ಲಾಪುರದವರೆಗಿನ ಅವಳ ಜೊತೆಗಾತಿಯರು ಇರುತ್ತಾರೆ, ಮಗುವನ್ನು ಎತ್ತಿಕೊಂಡು ಕೆರಿಯ ಅವರ ಸೊಸೆ ಇರುತ್ತಾಳೆ, ಅವ್ವ ಎಲ್ಲರಿಗಿಂತ ಮುಂದೆ ಇರುತ್ತಾಳೆ. ಅಷ್ಟು ಜನಕ್ಕೆ ಕೂರಲು ಬೆಂಚು ಸಾಲದು, ಆ ನೇರಳೆ ಮರದ ಕೆಳಗೇ ಕೂರುತ್ತೇವೆ.

ಮಳೆ ಹಿಡಿಯುವ ಮೊದಲು ಗಾಡಿ ಬಿಡಿ. ಹಗ್ಗ ಕೊಡಬಾರದು ಎಂದು ತಲೆಮಾರುಗಳಿಂದ ನಡೆದುಬಂದ ಮನೆಯಿಂದ ಹಗ್ಗವನ್ನೂ ಬಿಚ್ಚಿ ಕೊಡಿಸಿದ್ದೀರಿ. ಹಗ್ಗ ಜಯಾಳ ಕೈಯಲ್ಲಿದೆ, ಆಕಳು ತಮ್ಮ ಹಿತ್ತಿಲಲ್ಲಿದೆ. ನಮ್ಮ ಕಡೆ ಅಂಥವರನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಅವ್ವನೇ ಸೋಮವಾರ ಹೇಳುತ್ತಾಳೆ.

ಇಂತಿ,
ಊರಿನ ಲೆಕ್ಕದಲ್ಲಿ ಸ್ಕೂಟರ್ ಇಲ್ಲದವಳು, ತಮ್ಮ ಲೆಕ್ಕದಲ್ಲಿ ಇನ್ನೂ ಅದರ ಮಾಲೀಕಳು,
ಪ್ರತಿಭಾ
ಮಸ್ಕತ್