ಬೆಳ್ಳಿಯನ್ನು ಮಾಯಸಂದ್ರಕ್ಕೆ ಕೊಟ್ಟವರಿಗೆ

ರಕ್ಷಿತ ಪ್ರಾಣಿಗಳ ಮರುವಸತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ನನ್ನ ಕುದುರೆಯನ್ನು ಮಾಯಸಂದ್ರದ ಸುಷ್ಮಿತಾ ಎಂಬ ಹುಡುಗಿಗೆ ಕೊಟ್ಟಿದ್ದೀರಿ. ಅದು ನನ್ನದಲ್ಲ, ಸಮಿತಿಯದು ಎಂದು ನಿಮ್ಮ ಆದೇಶದಲ್ಲಿ ಮೂರು ಕಡೆ ಬರೆದಿದ್ದೀರಿ, ಓದಿದ್ದೇನೆ. ಆದರೂ ನನ್ನ ಕುದುರೆ ಎಂದೇ ಬರೆಯುತ್ತೇನೆ. ಆರು ತಿಂಗಳ ಪರೀಕ್ಷಾ ಅವಧಿ ಮುಗಿಯುತ್ತಿದೆ, ಶಾಶ್ವತವಾಗಿ ಅಲ್ಲಿಗೇ ಕೊಡುವ ಮುನ್ನ ಆಕ್ಷೇಪಣೆ ಇದ್ದರೆ ಬರುವ ಬುಧವಾರದ ವಿಚಾರಣೆಗೆ ಬಂದು ತಿಳಿಸಿ ಎಂದು ಕಾಗದ ಕಳಿಸಿದ್ದೀರಲ್ಲ, ಇದೆ ಸ್ವಾಮಿ, ಆಕ್ಷೇಪಣೆ ಇದೆ. ನಾಲ್ಕು ಜನ ಓದಲಿ ಎಂದೇ ಪತ್ರಿಕೆಗೆ ಕೊಡುತ್ತಿದ್ದೇನೆ.

ಇಪ್ಪತ್ತು ತಿಂಗಳ ಹಿಂದೆ ಅದನ್ನು ಹೊನ್ನವಳ್ಳಿಯ ನನ್ನ ತೋಟದಲ್ಲಿ ಇಳಿಸಿ ಹೋದಾಗ ಅದಕ್ಕೆ ಹೆಸರಿರಲಿಲ್ಲ, ಒಂದು ನಂಬರಿತ್ತು. ಮೆರವಣಿಗೆಯಲ್ಲಿ ಮದುವೆ ಗಂಡುಗಳನ್ನು ಹೊತ್ತು ಹೊತ್ತು ಬೆನ್ನು ಹುಣ್ಣಾಗಿತ್ತು. ಪಟಾಕಿ ಸಿಡಿದು ತೊಡೆಯ ಮೇಲೆ ಅಂಗೈ ಅಗಲ ಸುಟ್ಟಿತ್ತು. ಗೊರಸು ಕೊಳೆತು ಹತ್ತಿರ ನಿಲ್ಲಲಾಗದಷ್ಟು ನಾರುತ್ತಿತ್ತು. ಅದು ಬಿಳಿ ಕುದುರೆ ಎಂದು ಗೊತ್ತಾಗಿದ್ದೇ ನಾನು ಮೂರು ಸಲ ಮೈ ತೊಳೆದ ಮೇಲೆ. ಬೆಳ್ಳಿ ಎಂದು ಕರೆದೆ. ಹುಣ್ಣಿಗೆ ಮುಲಾಮು ಹಚ್ಚಿದ್ದು ನಾನು, ಹುರುಳಿ ಬೇಯಿಸಿ ಹಾಕಿದ್ದು ನಾನು, ಒದೆ ತಿಂದು ಎಂಟು ದಿನ ಕುಂಟಿದ್ದೂ ನಾನೇ. ಆಗ ನಿಮ್ಮ ಸುಷ್ಮಿತಾ ಎಲ್ಲಿದ್ದಳು?

ಶಬ್ದವೆಂದರೆ ಅದಕ್ಕೆ ಪ್ರಾಣಭಯ. ಅಂಥ ಪ್ರಾಣಿಯನ್ನು ಹುಡುಕಿ ಹುಡುಕಿ ತೆಂಗಿನ ತೋಟಕ್ಕೆ ಕಳಿಸಿದಿರಲ್ಲ, ಸಮಿತಿಯ ಬುದ್ಧಿವಂತಿಕೆಗೆ ಏನೆನ್ನಲಿ! ಇಲ್ಲಿ ಗಾಳಿ ಬೀಸಿದರೆ ಗರಿ ಬೀಳುತ್ತದೆ, ಬೀಸದಿದ್ದರೆ ಕಾಯಿ ಬೀಳುತ್ತದೆ. ಬಂದ ದಿನವೇ ಒಂದು ಗರಿ ಬಿದ್ದದ್ದಕ್ಕೆ ಹಗ್ಗ ಕಿತ್ತುಕೊಂಡು ಓಡಿ ತಿಪಟೂರಿನ ಬಸ್ಸಿಗೆ ಅಡ್ಡ ನಿಂತಿತು. ಕಾಯಿ ಕೆಡವುವ ಕೆಂಚಯ್ಯ ಹಣೆ ಚಚ್ಚಿಕೊಂಡ. "ಇದು ನಮ್ಮ ತ್ವಾಟದಲ್ಲಿ ಬಾಳ್ವೆ ಮಾಡ್ತದಾ ಅಮ್ಮಾವ್ರೆ? ವಾಪಸ್ ಕಳ್ಸ್‌ಬುಡಿ, ಆತ್ಲಾಗೆ ಬ್ಯಾಡ," ಎಂದ. ನಾನು ಕಳಿಸಲಿಲ್ಲ. ಮೊದಲ ತಿಂಗಳು ಅದರ ಕಾಲ ಬಳಿ ಒಂದೇ ಒಂದು ಕಾಯಿಯನ್ನು ನೆಲದ ಮೇಲೆ ಉರುಳಿಸಿದೆ. ಆಮೇಲೆ ಮೊಣಕಾಲೆತ್ತರದಿಂದ ಬಿಟ್ಟೆ. ಆಮೇಲೆ ಎದೆಯೆತ್ತರ, ಆಮೇಲೆ ಗೋಡೆಯ ಮೇಲಿಂದ. ಪ್ರತಿ ಸಲವೂ ಕುತ್ತಿಗೆ ತಬ್ಬಿಕೊಂಡು "ಏನಿಲ್ಲ ಕಣೇ, ಕಾಯಿ ಅಷ್ಟೇ ಕಣೇ" ಎನ್ನುತ್ತಿದ್ದೆ. ಮರದ ಮೇಲಿಂದ ಬಿದ್ದ ಕಾಯಿಗೂ ಅದು ಕಿವಿ ಅಲ್ಲಾಡಿಸದಂತೆ ಆಗಲು ಹನ್ನೊಂದು ತಿಂಗಳು ಹಿಡಿಯಿತು.

ಇನ್ನು ನನ್ನ ದಡ್ಡತನಕ್ಕೆ ಬರುತ್ತೇನೆ. ಹದಿನಾಲ್ಕನೆಯ ತಿಂಗಳು ನೀವು ಪರಿವಾರ ಸಮೇತ ತಪಾಸಣೆಗೆ ಬಂದಿರಿ. "ಶಬ್ದಕ್ಕೆ ಈಗಲೂ ಬೆಚ್ಚುತ್ತಾ?" ಎಂದು ಕೇಳಿದಿರಿ. ಸ್ವಲ್ಪ ಬೆಚ್ಚುತ್ತದೆ ಎಂದು ಬಾಯಿಮಾತಿಗೆ ಹೇಳಿದ್ದರೆ ನನ್ನ ಕುದುರೆ ನನ್ನ ಕೊಟ್ಟಿಗೆಯಲ್ಲೇ ಇರುತ್ತಿತ್ತು. ಆದರೆ ನಾವು ಕೊಬ್ಬರಿ ಮನೆಯವರು. ಮಾಲನ್ನು ಬಾಯಲ್ಲಿ ಹೊಗಳಿ ಅಭ್ಯಾಸವಿಲ್ಲ. ವ್ಯಾಪಾರಿ ಬಂದರೆ ಅಟ್ಟದಿಂದ ಒಂದು ಕಾಯಿ ಇಳಿಸಿ ಅವನ ಕೈಗೇ ಕೊಟ್ಟು, ಅಲ್ಲಾಡಿಸಿ ನೋಡಿ ಎನ್ನುತ್ತೇವೆ, ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಮಾತು ಮುಗಿಯಿತು. ಆ ಚಾಳಿ ಎಲ್ಲಿ ಬಿಡುತ್ತದೆ! "ಕೆಂಚಯ್ಯಾ, ಮರ ಹತ್ತು," ಎಂದೆ.

"ಬ್ಯಾಡ ಬುಡಿ ಅಮ್ಮಾವ್ರೆ. ಸಾಹೇಬ್ರು ಬಾಯಲ್ ಕೇಳವ್ರೆ, ನೀವೂ ಬಾಯಲ್ಲೇ ಹೇಳಿ," ಎಂದು ಅವನು ಕಣ್ಣು ಮಿಟುಕಿಸಿದ. ಅವನಿಗಿದ್ದ ಬುದ್ಧಿ ನನಗಿರಲಿಲ್ಲ.

"ಹತ್ತಯ್ಯಾ ಅಂದ್ರೆ!"

ಒಂದಿಡೀ ಗೊನೆಯನ್ನು ಕೆಡವಿದ. ನೀವು ಕಡತವನ್ನು ತಲೆಯ ಮೇಲಿಟ್ಟುಕೊಂಡು ಕೊಟ್ಟಿಗೆಗೆ ನುಗ್ಗಿದಿರಿ. ಬೆಳ್ಳಿ ಹುಲ್ಲು ಮೇಯುತ್ತಲೇ ಇತ್ತು. ಬೆಚ್ಚಿದವರು ಯಾರು ಎಂಬುದು ವರದಿಯಲ್ಲಿಲ್ಲ, ಕುದುರೆ ಪಳಗಿದೆ, ವರ್ಗಾವಣೆಗೆ ಅರ್ಹ ಎಂದು ಮಾತ್ರ ಇದೆ. ನಾನು ಹೆಮ್ಮೆಯಿಂದ ಬೀಗುತ್ತಾ ನಿಮಗೆಲ್ಲ ಎಳನೀರು ಕೊಚ್ಚಿ ಕೊಟ್ಟೆ.

ಹದಿನೈದು ದಿನಕ್ಕೆ ಆದೇಶ ಬಂತು. ನನ್ನಲ್ಲಿ ಬೇರೆ ಕುದುರೆಗಳಿಲ್ಲವಂತೆ, ಕುದುರೆಗೆ ಕುದುರೆಯ ಜೊತೆ ಬೇಕಂತೆ, ಮಾಯಸಂದ್ರದಲ್ಲಿ ಮೂರು ಇವೆಯಂತೆ. ನನ್ನ ಎರಡು ಎಮ್ಮೆಗಳು ನಿಮ್ಮ ಲೆಕ್ಕಕ್ಕೆ ಬರಲಿಲ್ಲವೇ? ಲಾರಿ ಹತ್ತಿಸಿದ ದಿನ ಮನೆದೇವರಿಗೆ ಕೈಮುಗಿದು ಒಂದೇ ಮಾತು ಕೇಳಿಕೊಂಡೆ: ಅಲ್ಲಿ ಅದು ಮೂರು ದಿನ ಮೇವು ಮುಟ್ಟದಿರಲಿ. ಸಂಜೆ ಸುಷ್ಮಿತಾ ಫೋನ್ ಮಾಡಿ, "ಆಂಟಿ, ನೀವೇನೂ ಯೋಚ್ನೆ ಮಾಡ್ಬೇಡಿ, ಬಂದ ತಕ್ಷಣ ಒಂದು ಬಕೆಟ್ ಹುರುಳಿ ಖಾಲಿ ಮಾಡ್ತು," ಎಂದಳು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ನಾನು ಆ ದಿನ ಊಟ ಮಾಡಲಿಲ್ಲ. ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ. ನಾಚಿಕೆ ಇಲ್ಲ ನನಗೆ. ಹುಣ್ಣಿನ ಕಾಲ ನನ್ನದು, ಹೊಳಪಿನ ಕಾಲ ಅವಳದು ಎಂದರೆ ಯಾರ ಹೊಟ್ಟೆ ಉರಿಯುವುದಿಲ್ಲ?

ಹೋದ ತಿಂಗಳು, ನಿಮ್ಮ ಅನುಮತಿ ಇಲ್ಲದೆ, ಮೂರು ಬಸ್ಸು ಬದಲಿಸಿ ಮಾಯಸಂದ್ರಕ್ಕೆ ಹೋದೆ. ತಪ್ಪು ಹುಡುಕಲೆಂದೇ ಹೋದೆ. ನೀರಿನ ತೊಟ್ಟಿಯಲ್ಲಿ ಪಾಚಿ ಇದೆಯೇ ಎಂದು ಬೆರಳಾಡಿಸಿದೆ, ಇರಲಿಲ್ಲ. ಗೊರಸು ಎತ್ತಿ ನೋಡಿದೆ, ಛೇ, ಅದೂ ಚೊಕ್ಕ. ಅವಳು ಅದನ್ನು ಸ್ನೋಯಿ ಎನ್ನುತ್ತಾಳೆ! ತುಮಕೂರು ಜಿಲ್ಲೆಯಲ್ಲಿ ಹಿಮ ಕಂಡವರು ಯಾರು? "ಬೆಳ್ಳೀ" ಎಂದು ಕರೆದೆ. ತಲೆಯೆತ್ತಿತು, ಬಂದು ನನ್ನ ಸೆರಗು ಮೂಸಿತು, ನನ್ನ ಜೀವಕ್ಕೆ ಅಷ್ಟು ಸಾಕಾಗಿತ್ತು. ಅಷ್ಟರಲ್ಲಿ ಬೇಲಿಯಾಚೆಯಿಂದ ಒಂದು ಮುದಿ ಕಂದು ಕುದುರೆ ಕೆನೆಯಿತು. ಬೆಳ್ಳಿ ಸೆರಗು ಬಿಟ್ಟು ಓಡಿತು. ಎರಡೂ ಒಂದರ ಕುತ್ತಿಗೆಯನ್ನು ಇನ್ನೊಂದು ಹಲ್ಲಿನಿಂದ ಮೆಲ್ಲಗೆ ಕೆರೆಯುತ್ತಾ ನಿಂತವು.

"ಊಟ ಮಾಡ್ಕಂಡೇ ಹೋಗ್ಬೇಕು ಆಂಟಿ," ಎಂದು ಸುಷ್ಮಿತಾ ಎಲೆ ಹಾಕಿದಳು. ಕೆಟ್ಟ ಹುಡುಗಿಯೂ ಅಲ್ಲ, ಅದೇ ನನ್ನ ಸಂಕಟ. ಊಟ ಮುಗಿಸಿ ಹೊರಗೆ ಬಂದರೆ, ಬಿಸಿಲಲ್ಲಿ ಬೆಳ್ಳಿ ನಾಲ್ಕೂ ಕಾಲು ಚಾಚಿ ಮಲಗಿತ್ತು. ಕಂದು ಕುದುರೆ ಪಕ್ಕದಲ್ಲಿ ನಿಂತು ಕಾವಲು ಕಾಯುತ್ತಿತ್ತು. ಹದಿನಾಲ್ಕು ತಿಂಗಳು ನನ್ನ ಕೊಟ್ಟಿಗೆಯಲ್ಲಿ ಅದು ಒಮ್ಮೆಯೂ ಹಾಗೆ ಮಲಗಿದ್ದನ್ನು ನಾನು ಕಂಡಿಲ್ಲ. ನಿಂತೇ ತೂಕಡಿಸುತ್ತಿತ್ತು. ಕುದುರೆ ಎಂದರೆ ಹಾಗೇ ಎಂದುಕೊಂಡಿದ್ದೆ.

ಇಷ್ಟಾದರೂ ನನ್ನ ಬೇಡಿಕೆ ಬದಲಾಗಿಲ್ಲ. ಬೆಳ್ಳಿಯನ್ನು ನನಗೆ ಕೊಡಿ. ಜೊತೆಗೆ ಇನ್ನೊಂದು ಕುದುರೆಯನ್ನೂ ಕಳಿಸಿ, ಕುಂಟೋ ಕುರುಡೋ, ಸಾಕುತ್ತೇನೆ. ಬುಧವಾರ ಬರುತ್ತೇನೆ. ಔಷಧಿಯ ಚೀಟಿಗಳನ್ನು ತರುತ್ತೇನೆ, ಕೆಂಚಯ್ಯನನ್ನೂ ಸಾಕ್ಷಿಗೆ ಕರೆತರುತ್ತೇನೆ, ಏನು ಬೇಕಾದರೂ ಕೇಳಿ. ಆದರೆ ಕುದುರೆ ಎಲ್ಲಿ ಸುಖವಾಗಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ, ಕೈಮುಗಿಯುತ್ತೇನೆ. ಕೇಳಿದರೆ ಹೇಳಿಬಿಡುತ್ತೇನೆ.

ಇಂತಿ,
ನಿಮ್ಮ ಆದೇಶದ ಎರಡನೆಯ ಪುಟದಲ್ಲಿ 'ತಾತ್ಕಾಲಿಕ ವಸತಿ' ಎಂದು ಕರೆಸಿಕೊಂಡಿರುವ
ಶಿವರುದ್ರಮ್ಮ
ಹೊನ್ನವಳ್ಳಿ